ಶಿಷ್ಯವೇತನ: ದಾನವೋ, ಕಾಯಕದ ಫಲವೋ?

ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಶರಣ ಆಯ್ದಕ್ಕಿ ಮಾರಯ್ಯನವರ ಕಾಯಕ. ಅದನ್ನು ಅಡುಗೆ ಮಾಡಿ, ಜಂಗಮ ದಾಸೋಹಕ್ಕೆ ಅರ್ಪಿಸಿ, ಉಳಿದುದನ್ನು ಪ್ರಸಾದವೆಂದು ಸ್ವೀಕರಿಸುವುದು ಶರಣೆ ಲಕ್ಕಮ್ಮನವರ ನೇಮ. ಒಂದು ದಿನ ಮಾರಯ್ಯನವರು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಸಂತೋಷಪಡಲಿಲ್ಲ. ಈ ಹೆಚ್ಚಿನದು ಎಲ್ಲಿಂದ ಬಂತು, ಈ ಆಸೆ ಯಾರದು ಎಂದು ಪತಿಯನ್ನೇ ಪ್ರಶ್ನಿಸಿದರು. ಹೆಚ್ಚಾದುದನ್ನು ಎಲ್ಲಿಂದ ತಂದರೋ ಅಲ್ಲಿಗೇ ಹಿಂತಿರುಗಿಸುವಂತೆ ಮಾಡಿದರು. ಶರಣ ಚರಿತ್ರೆಯಲ್ಲಿ ಸತ್ಯಶುದ್ಧ ಕಾಯಕಕ್ಕೆ ಇದಕ್ಕಿಂತ ಉಜ್ವಲವಾದ ನಿದರ್ಶನ ಮತ್ತೊಂದಿಲ್ಲ.

ಈ ಪ್ರಸಂಗವನ್ನು ಸಾಮಾನ್ಯವಾಗಿ ದುರಾಸೆಯ ನಿಷೇಧವೆಂದು ವ್ಯಾಖ್ಯಾನಿಸಲಾಗುತ್ತದೆ. ಅದು ಸರಿಯೇ. ಆದರೆ ಅದರಲ್ಲಿ ಇನ್ನೊಂದು ಅರ್ಥವೂ ಅಡಗಿದೆ. 'ಇದು ಹೆಚ್ಚಾಯಿತು' ಎಂದು ಹೇಳಬಲ್ಲವರಿಗೆ 'ಇಷ್ಟು ಬೇಕು' ಎಂಬ ಅಳತೆಯೂ ಗೊತ್ತಿರಬೇಕು. ಲಕ್ಕಮ್ಮನವರು ಅತಿಯನ್ನು ನಿರಾಕರಿಸಿದರೇ ಹೊರತು ಹಸಿವನ್ನು ವ್ರತವೆಂದು ಬೋಧಿಸಲಿಲ್ಲ. ಅಂದಿನ ದಾಸೋಹಕ್ಕೆ, ಅಂದಿನ ಪ್ರಸಾದಕ್ಕೆ ಬೇಕಾದಷ್ಟು ಅಕ್ಕಿ ಆ ಮನೆಗೆ ಬರಲೇಬೇಕಾಗಿತ್ತು. ಕಾಯಕ ಮಾಡಿದವರಿಗೆ ಅವರ ಅಳತೆ ಸಲ್ಲಬೇಕು, ಅಳತೆ ಮೀರಿದುದು ಸಮಾಜಕ್ಕೆ ಮರಳಬೇಕು. ಇವೆರಡೂ ಒಂದೇ ನಾಣ್ಯದ ಎರಡು ಮುಖಗಳು. ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟರೆ ಶರಣರ ಅರ್ಥಶಾಸ್ತ್ರ ಅರ್ಧವಾಗುತ್ತದೆ.

ಉನ್ನತ ವ್ಯಾಸಂಗ ಮತ್ತು ಸಂಶೋಧನೆಯಲ್ಲಿ ತೊಡಗಿರುವ ಯುವಜನರಿಗೆ ಕೊಡುವ ಶಿಷ್ಯವೇತನದ ಪ್ರಶ್ನೆಯನ್ನು ಈ ಬೆಳಕಿನಲ್ಲಿ ನೋಡುವುದು ಅಗತ್ಯವಾಗಿದೆ. 'ಓದುವವರಿಗೆ ಸರ್ಕಾರವೇಕೆ ಹಣ ಕೊಡಬೇಕು? ಮೂವತ್ತು ವರ್ಷವಾದರೂ ಓದುತ್ತ ಕುಳಿತವರನ್ನು ಜನರ ತೆರಿಗೆಯಿಂದ ಏಕೆ ಸಾಕಬೇಕು?' ಎಂಬ ಮಾತು ಊರಿನ ಕಟ್ಟೆಯ ಮೇಲೂ, ವಿದ್ಯಾವಂತರ ಮನೆಗಳಲ್ಲೂ ಕೇಳಿಬರುತ್ತದೆ. ಬಸವಭಕ್ತರ ಬಾಯಲ್ಲೂ ಈ ಮಾತು ಬರುವುದರಿಂದ ಇದನ್ನು ಕಾಯಕ ತತ್ತ್ವದ ಒರೆಗಲ್ಲಿಗೆ ಹಚ್ಚಿ ನೋಡಲೇಬೇಕು.

ಶಿಷ್ಯವೇತನ ಎಂಬ ಪದವೇ ಅರ್ಥಗರ್ಭಿತವಾದುದು. ಅದರಲ್ಲಿ ಶಿಷ್ಯನೂ ಇದ್ದಾನೆ, ವೇತನವೂ ಇದೆ. ಶಿಷ್ಯ ಎಂದರೆ ಕಲಿಯುವವನು, ವೇತನ ಎಂದರೆ ದುಡಿಮೆಗೆ ಸಲ್ಲುವ ಪ್ರತಿಫಲ. ಬಿ.ಎ., ಬಿ.ಎಸ್ಸಿ. ತರಗತಿಗಳಲ್ಲಿ ಓದುವವರು ಮುಂದಿನ ಕಾಯಕಕ್ಕೆ ಸಿದ್ಧರಾಗುತ್ತಿರುವವರು. ಅವರಿಗೆ ಸಲ್ಲುವ ನೆರವನ್ನು ವಿದ್ಯಾರ್ಥಿವೇತನ ಎನ್ನುತ್ತಾರೆ, ಅದು ಪ್ರೋತ್ಸಾಹ. ಆದರೆ ಪಿಎಚ್.ಡಿ. ಸಂಶೋಧಕರ ಸ್ಥಿತಿ ಬೇರೆ. ಅವರು ಪ್ರಯೋಗಾಲಯದಲ್ಲಿ ರಾತ್ರಿಯೆಲ್ಲ ಪರೀಕ್ಷೆ ನಡೆಸುತ್ತಾರೆ, ಹಳ್ಳಿ ಹಳ್ಳಿ ತಿರುಗಿ ಕ್ಷೇತ್ರಕಾರ್ಯ ಮಾಡುತ್ತಾರೆ, ಶಾಸನ ಓದುತ್ತಾರೆ, ತಾಳೆಗರಿಯ ಪಾಠಗಳನ್ನು ಹೋಲಿಸಿ ನೋಡುತ್ತಾರೆ. ಅನೇಕರು ಕಿರಿಯ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಾರೆ, ಉತ್ತರಪತ್ರಿಕೆ ತಿದ್ದುತ್ತಾರೆ. ಅವರ ದುಡಿಮೆಯಿಂದ ಪ್ರಬಂಧಗಳು ಪ್ರಕಟವಾಗುತ್ತವೆ, ಮಾರ್ಗದರ್ಶಕರ ಹಾಗೂ ಸಂಸ್ಥೆಯ ಕೀರ್ತಿ ಹೆಚ್ಚುತ್ತದೆ, ನಾಡಿಗೆ ಹೊಸ ಅರಿವು ಬರುತ್ತದೆ. ಇದು ಕಾಯಕವಲ್ಲದೆ ಮತ್ತೇನು?

ಶರಣರು ಕಾಯಕದಲ್ಲಿ ಮೇಲುಕೀಳು ಎಣಿಸಲಿಲ್ಲ. ನುಲಿಯ ಚಂದಯ್ಯನವರು ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ ಬಂದ ಹಣದಿಂದ ದಾಸೋಹ ನಡೆಸಿದರು. ಗುರುವಿಗಾಗಲಿ, ಲಿಂಗಕ್ಕಾಗಲಿ, ಜಂಗಮಕ್ಕಾಗಲಿ ಕಾಯಕದಿಂದ ವಿನಾಯಿತಿ ಇಲ್ಲವೆಂಬುದು ಅವರ ನಿಲುವು. ಹಾಗಿರುವಾಗ ಪುಸ್ತಕ ಹಿಡಿದವರಿಗೂ ವಿನಾಯಿತಿ ಇಲ್ಲ. ಅದೇ ನ್ಯಾಯದಿಂದ, ಹಗ್ಗಕ್ಕೆ ಬೆಲೆ ಸಂದಂತೆ ಪುಸ್ತಕ ಹಿಡಿದವರ ದುಡಿಮೆಗೂ ಬೆಲೆ ಸಲ್ಲಬೇಕು. ಕೈಯ ದುಡಿಮೆಗೆ ಮಾತ್ರ ಕೂಲಿ, ಬುದ್ಧಿಯ ದುಡಿಮೆ ಪುಕ್ಕಟೆ ಎಂಬ ಭೇದವನ್ನು ಶರಣರು ಎಲ್ಲಿಯೂ ಮಾಡಿಲ್ಲ.

ಇಲ್ಲಿ ಕೆಲವರು ಫ.ಗು. ಹಳಕಟ್ಟಿಯವರ ಹೆಸರನ್ನು ಮುಂದಿಡುತ್ತಾರೆ. ವಿಜಯಪುರದಲ್ಲಿ ವಕೀಲಿ ನಡೆಸುತ್ತಿದ್ದ ಹಳಕಟ್ಟಿಯವರು (1880–1964) ಮನೆ ಮನೆ ತಿರುಗಿ ವಚನಗಳ ಹಸ್ತಪ್ರತಿಗಳನ್ನು ಸಂಗ್ರಹಿಸಿದರು, 1923ರಲ್ಲಿ 'ವಚನ ಶಾಸ್ತ್ರ ಸಾರ'ವನ್ನು ಹೊರತಂದರು. ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೇ ಮಾರಿದರು. 'ಅವರಿಗೆ ಯಾರು ಶಿಷ್ಯವೇತನ ಕೊಟ್ಟಿದ್ದರು? ಶ್ರದ್ಧೆಯಿದ್ದವರಿಗೆ ಹಣ ಬೇಕಿಲ್ಲ' ಎಂಬುದು ಇವರ ವಾದ.

ಈ ವಾದದಲ್ಲಿ ಪೂಜ್ಯತೆಯಿದೆ, ನ್ಯಾಯವಿಲ್ಲ. ಹಳಕಟ್ಟಿಯವರ ತ್ಯಾಗ ಅವರದು. ಅದನ್ನು ತೋರಿಸಿ ಮತ್ತೊಬ್ಬರ ಪಾಲಿನ ಅನ್ನವನ್ನು ತಡೆಯುವ ಅಧಿಕಾರ ಯಾರಿಗೂ ಇಲ್ಲ. ಸ್ವಂತ ಮನೆಯನ್ನು ಮಾರುವುದು ತ್ಯಾಗ. ಇನ್ನೊಬ್ಬರು ಮನೆ ಮಾರಲಿ ಎಂದು ಅಪೇಕ್ಷಿಸುವುದು ತ್ಯಾಗವಲ್ಲ. ಮೇಲಾಗಿ, ಮಾರಲು ಮನೆಯೇ ಇಲ್ಲದ ಕುಟುಂಬದ ಮಗಳು ಸಂಶೋಧನೆಗೆ ಬಂದರೆ ಏನು ಮಾಡಬೇಕು? ಹಳಕಟ್ಟಿಯವರಂಥ ಒಬ್ಬ ಮಹಾನುಭಾವರು ಆಸರೆಯಿಲ್ಲದೆ ದುಡಿಯಬೇಕಾಗಿ ಬಂದುದು ಅಂದಿನ ಸಮಾಜದ ಕೊರತೆಯೇ ಹೊರತು ಹೆಮ್ಮೆಯಲ್ಲ. ಮುಂದೆ ಕರ್ನಾಟಕ ಸರ್ಕಾರವು ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ, ಅನೇಕ ವಿದ್ವಾಂಸರನ್ನು ಕೂಡಿಸಿ 15 ಸಂಪುಟಗಳಲ್ಲಿ ಸಮಗ್ರ ವಚನ ಸಾಹಿತ್ಯವನ್ನು ಪ್ರಕಟಿಸಿತು. ಒಬ್ಬರ ತ್ಯಾಗದಿಂದ ಆರಂಭವಾದ ಕಾರ್ಯವನ್ನು ಸಾರ್ವಜನಿಕ ಬೊಕ್ಕಸದ ಆಸರೆ ಪೂರ್ಣಗೊಳಿಸಿತು ಎಂಬುದನ್ನು ವಚನಪ್ರೇಮಿಗಳು ಮರೆಯಬಾರದು.

ಇನ್ನು ಇಂದಿನ ಲೆಕ್ಕವನ್ನು ನೋಡೋಣ. ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ಫೆಲೋಷಿಪ್‌ಗೆ, ಅಂದರೆ ಜೆ.ಆರ್.ಎಫ್.ಗೆ, ಆಯ್ಕೆಯಾದವರಿಗೆ 2014ರಲ್ಲಿ ತಿಂಗಳಿಗೆ 25,000 ರೂಪಾಯಿ ನಿಗದಿಯಾಗಿತ್ತು. 2018ರ ಕೊನೆಯಲ್ಲಿ ದೇಶದಾದ್ಯಂತ ಸಂಶೋಧಕರು ಬೀದಿಗಿಳಿದು ಒತ್ತಾಯಿಸಿದ ಮೇಲೆ 2019ರ ಜನವರಿಯಿಂದ ಅದು 31,000 ರೂಪಾಯಿಯಾಯಿತು. 2023ರ ಜನವರಿ 1ರಿಂದ ಜಾರಿಗೆ ಬರುವಂತೆ 37,000 ರೂಪಾಯಿಗೆ ಏರಿತು. ಎರಡು ವರ್ಷಗಳ ಬಳಿಕ ಹಿರಿಯ ಸಂಶೋಧಕರೆಂದು ಪರಿಗಣಿತರಾದವರಿಗೆ 42,000 ರೂಪಾಯಿ. 2018ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸಂಶೋಧನಾ ಫೆಲೋಷಿಪ್‌ನಲ್ಲಿ ಮೊದಲೆರಡು ವರ್ಷಗಳಿಗೆ ನಿಗದಿಯಾದ ಮೊತ್ತವೇ ತಿಂಗಳಿಗೆ 70,000 ರೂಪಾಯಿ. ಇತ್ತ ಗೇಟ್ ಪರೀಕ್ಷೆಯ ಮೂಲಕ ಎಂ.ಟೆಕ್. ಸೇರಿದವರಿಗೆ ಸಿಗುವುದು 12,400 ರೂಪಾಯಿ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಜೆ.ಆರ್.ಎಫ್. ಇಲ್ಲದೆ ಪಿಎಚ್.ಡಿ. ಮಾಡುವವರಿಗೆ ನಿಗದಿಯಾಗಿದ್ದ ಮೊತ್ತ 8,000 ರೂಪಾಯಿ. ಆ ಅಲ್ಪ ಮೊತ್ತವನ್ನೂ ನಿಲ್ಲಿಸಲು 2015ರ ಅಕ್ಟೋಬರಿನಲ್ಲಿ ನಿರ್ಧರಿಸಿದಾಗ ದೆಹಲಿಯಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗದ ಕಚೇರಿಯ ಮುಂದೆ ವಿದ್ಯಾರ್ಥಿಗಳು ಧರಣಿ ಕುಳಿತರು, ಅದು ಮುಂದುವರಿಯಿತು. ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಇದಾವುದೂ ಇಲ್ಲದೆ, ಶುಲ್ಕವನ್ನೂ ತಾವೇ ತುಂಬಿ, ಅತಿಥಿ ಉಪನ್ಯಾಸಕರಾಗಿ ದುಡಿಯುತ್ತ ಪ್ರಬಂಧ ಬರೆಯುವವರು ಅನೇಕರಿದ್ದಾರೆ.

ಒಂದೇ ಪಿಎಚ್.ಡಿ. ಪದವಿಗಾಗಿ ದುಡಿಯುವವರಲ್ಲಿ ಒಬ್ಬರ ಕೈಗೆ 70,000, ಮತ್ತೊಬ್ಬರ ಕೈಗೆ 8,000, ಇನ್ನೊಬ್ಬರ ಕೈಗೆ ಏನೂ ಇಲ್ಲ. ಪ್ರತಿಭೆಗೆ ಮನ್ನಣೆ ಬೇಡವೆಂದಲ್ಲ. ಆದರೆ ಪ್ರಸಾದದ ಪಂಕ್ತಿಯಲ್ಲಿ ಕೆಲವರಿಗೆ ಪಕ್ವಾನ್ನ ಬಡಿಸಿ ಕೆಲವರ ಎಲೆಯನ್ನು ಬರಿದಾಗಿ ಬಿಟ್ಟರೆ ಅದು ದಾಸೋಹವಾಗುವುದಿಲ್ಲ. ಮೊದಲು ಎಲ್ಲರ ಎಲೆಗೂ ಅನ್ನ ಬೀಳಲಿ, ಆಮೇಲೆ ವಿಶೇಷದ ಮಾತು.

ಮೊತ್ತಕ್ಕಿಂತಲೂ ಹೆಚ್ಚು ನೋವು ಕೊಡುವುದು ವಿಳಂಬ. ಕಾಗದದ ಮೇಲೆ ಮಂಜೂರಾದ ಶಿಷ್ಯವೇತನ ತಿಂಗಳುಗಟ್ಟಲೆ ಬಾರದಿರುವುದು ಸಂಶೋಧಕರ ಬಹುಕಾಲದ ದೂರು. ಮಾರ್ಗದರ್ಶಕರ ಸಹಿ, ವಿಭಾಗದ ಮುದ್ರೆ, ಕಚೇರಿಯ ದೃಢೀಕರಣ, ಬ್ಯಾಂಕಿನ ವಿವರ, ಇವುಗಳಲ್ಲಿ ಒಂದು ತಪ್ಪಿದರೂ ಹಣ ನಿಲ್ಲುತ್ತದೆ. ಉಳ್ಳವರ ಮಕ್ಕಳಿಗೆ ಇದು ಕೇವಲ ಕಿರಿಕಿರಿ. ಇಲ್ಲದವರ ಮಕ್ಕಳಿಗೆ ಇದು ವ್ಯಾಸಂಗದ ಅಂತ್ಯ. ಊರಿನಲ್ಲಿ ತಂದೆ ಬಡ್ಡಿಗೆ ಸಾಲ ತಂದು ಕಳಿಸುತ್ತಾರೆ. ಎರಡನೆಯ ಸಲ ಸಾಲ ಹುಟ್ಟುವುದಿಲ್ಲ. ಮೂರನೆಯ ತಿಂಗಳು 'ಸಾಕು, ಬಂದುಬಿಡು, ಮದುವೆಯ ಮಾತು ಬಂದಿದೆ' ಎಂಬ ಕರೆ ಬರುತ್ತದೆ. ಹೀಗೆ ಮರಳಿ ಹೋದ ಮಗಳ ಹೆಸರು ಯಾವ ವಾರ್ಷಿಕ ವರದಿಯಲ್ಲೂ ಬರುವುದಿಲ್ಲ. ಅರ್ಹತೆಯ ಪರೀಕ್ಷೆಯೇ ನಂಬಿಕೆ ಕಳೆದುಕೊಂಡರಂತೂ ಕಾಯುವಿಕೆಗೆ ಕೊನೆಯಿಲ್ಲ. 2024ರ ಜೂನ್ 18ರಂದು ನಡೆದ ರಾಷ್ಟ್ರೀಯ ಅರ್ಹತಾ ಪರೀಕ್ಷೆಯನ್ನು ಮರುದಿನವೇ ರದ್ದುಪಡಿಸಲಾಯಿತು. ಲಕ್ಷಾಂತರ ಅಭ್ಯರ್ಥಿಗಳು ಮರುಪರೀಕ್ಷೆಗಾಗಿ ತಿಂಗಳುಗಳ ಕಾಲ ಕಾದರು.

ಬಸವಣ್ಣನವರು ಬಿಜ್ಜಳನ ಆಸ್ಥಾನದಲ್ಲಿ ಭಂಡಾರಿಯಾಗಿದ್ದರು. ಭಂಡಾರದ ಹಣ ಪೋಲಾಗಿದೆಯೆಂದು ಚಾಡಿ ಹೇಳಿದವರ ಮುಂದೆ ಲೆಕ್ಕವೆಲ್ಲ ಸರಿಯಾಗಿ ಒಪ್ಪಿತೆಂದು ಪುರಾಣಗಳು ಕೀರ್ತಿಸುತ್ತವೆ. ಭಂಡಾರಿಯ ಕಾಯಕಕ್ಕೆ ಎರಡು ಧರ್ಮಗಳಿವೆ. ಸಲ್ಲದವರಿಗೆ ಒಂದು ಹಣವನ್ನೂ ಕೊಡದಿರುವುದು ಒಂದು, ಸಲ್ಲಬೇಕಾದವರಿಗೆ ಒಂದು ದಿನವೂ ತಡಮಾಡದಿರುವುದು ಇನ್ನೊಂದು. ಇಂದಿನ ಕಚೇರಿಗಳು ಮೊದಲನೆಯದನ್ನು ಮಾತ್ರ ಧರ್ಮವೆಂದು ತಿಳಿದಿವೆ. ಕಡತವನ್ನು ತಡೆಹಿಡಿದ ಕೈಯೂ ಕಾಯಕ ತಪ್ಪಿದ ಕೈಯೇ ಆಗಿದೆ ಎಂಬ ಅರಿವು ಬರಬೇಕು.

ಹೊರದೇಶಗಳ ವ್ಯವಸ್ಥೆಯನ್ನೂ ತಿಳಿದಿರುವುದು ಒಳ್ಳೆಯದು. ಏಕೆಂದರೆ ಕರ್ನಾಟಕದ ಅನೇಕ ಮನೆಗಳ ಮಕ್ಕಳು ಇಂದು ಅಮೆರಿಕದ ವಿಶ್ವವಿದ್ಯಾಲಯಗಳ ಕಡೆ ಮುಖ ಮಾಡಿದ್ದಾರೆ. ಅಲ್ಲಿ ವಿಜ್ಞಾನ ಹಾಗೂ ತಂತ್ರಜ್ಞಾನದ ಪಿಎಚ್.ಡಿ.ಗೆ ಸೇರುವವರಿಗೆ ಸಾಮಾನ್ಯವಾಗಿ ಬೋಧನಾ ಶುಲ್ಕವನ್ನು ವಿಶ್ವವಿದ್ಯಾಲಯವೇ ಭರಿಸಿ, ಜೀವನಕ್ಕೆ ಮಾಸಿಕ ವೇತನವನ್ನೂ ಕೊಡುತ್ತದೆ. ಪ್ರತಿಯಾಗಿ ಅವರು ಬೋಧನಾ ಸಹಾಯಕರಾಗಿ ಅಥವಾ ಸಂಶೋಧನಾ ಸಹಾಯಕರಾಗಿ ದುಡಿಯುತ್ತಾರೆ. ವಿದ್ಯಾರ್ಥಿ ವೀಸಾದ ಮೇಲೆ ಹೋದವರು ತರಗತಿಗಳು ನಡೆಯುವ ಅವಧಿಯಲ್ಲಿ ವಿಶ್ವವಿದ್ಯಾಲಯದ ಆವರಣದಲ್ಲಿ ವಾರಕ್ಕೆ 20 ಗಂಟೆಗಳವರೆಗೆ ಮಾತ್ರ ಉದ್ಯೋಗ ಮಾಡಬಹುದು. ಅಲ್ಲಿಯೂ ಎಲ್ಲವೂ ಸುಗಮವಲ್ಲ. 2017ರಲ್ಲಿ, ಮನ್ನಾ ಆದ ಬೋಧನಾ ಶುಲ್ಕವನ್ನೂ ವಿದ್ಯಾರ್ಥಿಯ ಆದಾಯವೆಂದು ಎಣಿಸಿ ತೆರಿಗೆ ಹಾಕುವ ಪ್ರಸ್ತಾಪ ಅಲ್ಲಿನ ಕೆಳಮನೆಯಲ್ಲಿ ಅಂಗೀಕಾರವಾಗಿತ್ತು. ಕೈಗೆ ಬಾರದ ಹಣಕ್ಕೆ ತೆರಿಗೆ ಕಟ್ಟುವುದು ಹೇಗೆಂಬ ಕೂಗೆದ್ದು, ಅಂತಿಮ ಕಾಯಿದೆಯಲ್ಲಿ ಅದನ್ನು ಕೈಬಿಡಲಾಯಿತು. 2022ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸುಮಾರು 48,000 ಬೋಧನಾ ಸಹಾಯಕರು ಮತ್ತು ಸಂಶೋಧಕರು ಬಾಡಿಗೆ ಕಟ್ಟಲೂ ವೇತನ ಸಾಲದೆಂದು ಮುಷ್ಕರ ಹೂಡಿದರು, ವೇತನ ಹೆಚ್ಚಳದ ಒಪ್ಪಂದವನ್ನು ಪಡೆದರು. ಸಂಪನ್ನ ದೇಶದಲ್ಲಿಯೂ ಸಂಶೋಧಕರು 'ನಮ್ಮದು ದುಡಿಮೆ, ದಾನ ಪಡೆಯುವವರಲ್ಲ ನಾವು' ಎಂದು ಸಾರಿ ಹೇಳಬೇಕಾಯಿತು.

ಇಲ್ಲಿ ತಂದೆತಾಯಿಗಳಿಗೆ ಒಂದು ಎಚ್ಚರಿಕೆಯ ಮಾತು ಸಲ್ಲುತ್ತದೆ. ಪಿಎಚ್.ಡಿ.ಗೆ ಸಿಗುವ ನೆರವು ಎಂ.ಎಸ್. ಪದವಿಗೂ ಸಿಗುತ್ತದೆಂದು ಭ್ರಮಿಸಬಾರದು. ಎಂ.ಎಸ್.ಗೆ ಹೋಗುವ ಬಹುಪಾಲು ವಿದ್ಯಾರ್ಥಿಗಳು ಶುಲ್ಕವನ್ನು ತಾವೇ ಭರಿಸಬೇಕಾಗುತ್ತದೆ. ಅದಕ್ಕಾಗಿ ಹೊಲವನ್ನು ಅಡವಿಟ್ಟು ಸಾಲ ಮಾಡುವ ಕುಟುಂಬಗಳು ಕಡಿಮೆಯಿಲ್ಲ. ಪ್ರವೇಶಪತ್ರ ಬಂದೊಡನೆ ಊರಿಗೆಲ್ಲ ಪೇಡಾ ಹಂಚುವ ಮೊದಲು ಆ ಪತ್ರವನ್ನು ಅಕ್ಷರಶಃ ಓದಬೇಕು. ಶುಲ್ಕ ಪೂರ್ತಿ ಮನ್ನಾ ಆಗಿದೆಯೋ, ಭಾಗಶಃ ಮಾತ್ರವೋ? ಆರೋಗ್ಯ ವಿಮೆ ಹಾಗೂ ಇತರ ಕಡ್ಡಾಯ ಶುಲ್ಕಗಳು ಯಾರ ಪಾಲಿಗೆ? ವೇತನ ವರ್ಷದ 12 ತಿಂಗಳಿಗೋ, 9 ತಿಂಗಳಿಗೋ? ಎಷ್ಟು ವರ್ಷಗಳವರೆಗೆ ಭರವಸೆ ಇದೆ? ಇಷ್ಟನ್ನು ಕೇಳುವುದು ಜಿಪುಣತನವಲ್ಲ, ಲಕ್ಕಮ್ಮನವರು ಕಲಿಸಿದ ಅಳತೆಯ ವಿವೇಕ.

ಹಾಗೆಂದು ಹೊಣೆಯೆಲ್ಲ ಕೊಡುವವರದೇ ಅಲ್ಲ. ಪಡೆಯುವವರಿಗೂ ಸತ್ಯಶುದ್ಧತೆಯ ಕಟ್ಟಳೆಯಿದೆ. ಶಿಷ್ಯವೇತನ ಪಡೆಯುತ್ತ ಐದು ವರ್ಷಗಳನ್ನು ನಿರ್ಲಕ್ಷ್ಯದಿಂದ ಕಳೆಯುವುದು, ಸಂಶೋಧನೆಯ ಹೆಸರಿನಲ್ಲಿ ಹಣ ಪಡೆದು ಬೇರೆ ನೌಕರಿಯ ಪರೀಕ್ಷೆಗೆ ಮಾತ್ರ ಓದುವುದು, ಅನ್ಯರ ಬರಹವನ್ನು ತನ್ನದೆಂದು ಒಪ್ಪಿಸುವುದು, ಇವೆಲ್ಲ ಕಾಯಕದ್ರೋಹ. ಕೃತಿಚೌರ್ಯವನ್ನು ತಡೆಯಲು ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರಲ್ಲಿ ನಿಯಮಾವಳಿಯನ್ನೇ ತಂದಿದೆ, ಶೇ. 60ಕ್ಕಿಂತ ಹೆಚ್ಚು ನಕಲು ಕಂಡುಬಂದರೆ ಸಂಶೋಧಕರ ನೋಂದಣಿಯೇ ರದ್ದಾಗುತ್ತದೆ. ಆದರೆ ಶೇಕಡಾವಾರು ಲೆಕ್ಕ ಯಂತ್ರದ್ದು. ಲಕ್ಕಮ್ಮನವರ ಮನೆಗೆ ಯಾವ ಯಂತ್ರವೂ ಬಂದಿರಲಿಲ್ಲ, ಅವರ ಅಂತಃಸಾಕ್ಷಿಯೇ ಅಳೆದು ಹೇಳಿತು. ತೆರಿಗೆಯ ಹಣದ ಪ್ರತಿಯೊಂದು ರೂಪಾಯಿಯಲ್ಲಿಯೂ ಬೆಂಕಿಪೊಟ್ಟಣ ಕೊಳ್ಳುವ ಕೂಲಿಕಾರರ ಬೆವರಿದೆ ಎಂಬುದನ್ನು ಸಂಶೋಧಕರು ಮರೆಯಬಾರದು.

ಅಂತೆಯೇ ಮಾರ್ಗದರ್ಶಕರಿಗೂ ಒಂದು ಮಾತು. ಶಿಷ್ಯವೇತನಕ್ಕೆ ಸಹಿ ಹಾಕುವ ಅಧಿಕಾರ ಗುರುತ್ವವಲ್ಲ. ಆ ಸಹಿಯನ್ನು ಮುಂದಿಟ್ಟುಕೊಂಡು ಶಿಷ್ಯರಿಂದ ಮನೆಗೆಲಸ ಮಾಡಿಸುವುದು, ಮಕ್ಕಳನ್ನು ಶಾಲೆಗೆ ಬಿಟ್ಟುಬರಲು ಕಳಿಸುವುದು ಕಾಯಕವೂ ಅಲ್ಲ, ಗುರುಸೇವೆಯೂ ಅಲ್ಲ, ಅದು ಬಿಟ್ಟಿ ಚಾಕರಿ. ಬಿಟ್ಟಿಯನ್ನು ಸೇವೆಯೆಂದು ಕರೆಯುವ ರೂಢಿಯ ವಿರುದ್ಧವೇ ಶರಣರು ದುಡಿಮೆಗೆ ಘನತೆ ತಂದುದು.

ಈ ಎಲ್ಲದರಲ್ಲಿ ಮಠಗಳ, ಸಮಾಜದ ಪಾಲೇನು? ಲಿಂಗಾಯತ ಸಮಾಜಕ್ಕೆ ಈ ವಿಷಯದಲ್ಲಿ ದೊಡ್ಡ ಪರಂಪರೆಯಿದೆ. 1883ರಲ್ಲಿಯೇ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಹುಟ್ಟಿತು. ಶಿರಸಂಗಿಯ ಲಿಂಗರಾಜ ದೇಸಾಯಿಯವರು (1861–1906) ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳ ಶಿಕ್ಷಣಕ್ಕಾಗಿ ಬರೆದಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು. ಸಿದ್ಧಗಂಗೆಯ ಲಿಂಗೈಕ್ಯ ಶಿವಕುಮಾರ ಮಹಾಸ್ವಾಮಿಗಳು (1907–2019) ಜಾತಿ ಮತ ಎಣಿಸದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡಿದರು. ಅಂದು ಹಳ್ಳಿಯ ಹುಡುಗನಿಗೆ ದುರ್ಲಭವಾಗಿದ್ದುದು ಹೈಸ್ಕೂಲು. ಪ್ರಸಾದನಿಲಯಗಳು ಆ ಕೊರತೆಯನ್ನು ತುಂಬಿದವು. ಇಂದು ಹಳ್ಳಿಯ ಹುಡುಗಿಗೆ ದುರ್ಲಭವಾಗಿರುವುದು ಸಂಶೋಧನೆ. ಕೊರತೆ ಎಲ್ಲಿಗೆ ಸರಿದಿದೆಯೋ ದಾಸೋಹವೂ ಅಲ್ಲಿಗೆ ಸರಿಯಬೇಕು.

ಸರ್ಕಾರದ ಹೊಣೆಯನ್ನು ಮಠಗಳು ಹೊರಬೇಕೆಂದು ಇದರ ಅರ್ಥವಲ್ಲ. ನಡುವಿನ ಕಂದಕಕ್ಕೆ ಒಂದು ಹಲಗೆ ಹಾಕಿದರೆ ಸಾಕು. ಉದಾಹರಣೆಗೆ, ಒಂದು ಮಠವು 20 ಸಂಶೋಧಕರಿಗೆ, ಶಿಷ್ಯವೇತನ ತಡವಾದ ಆರು ತಿಂಗಳ ಕಾಲ, ತಲಾ 10,000 ರೂಪಾಯಿಯಂತೆ ಬಡ್ಡಿಯಿಲ್ಲದ ಕೈಗಡ ಕೊಟ್ಟರೆ ಬೇಕಾಗುವುದು 12 ಲಕ್ಷ ರೂಪಾಯಿ. ಬಾಕಿ ವೇತನ ಒಟ್ಟಿಗೆ ಬಂದಾಗ ಅವರು ಅದನ್ನು ನಿಧಿಗೆ ಮರಳಿಸಿದರೆ ಅದೇ ಹಣ ಮುಂದಿನ ವರ್ಷ ಬೇರೆ 20 ಮಂದಿಗೆ ಒದಗುತ್ತದೆ. ಒಂದು ಜಾತ್ರೆಯ ವಿದ್ಯುದ್ದೀಪಾಲಂಕಾರವನ್ನು ತುಸು ತಗ್ಗಿಸಿದರೂ ಇಂಥ ನಿಧಿಗೆ ಬೀಜ ಬಿದ್ದಂತಾಗುತ್ತದೆ. ನಗರಗಳ ಪ್ರಸಾದನಿಲಯಗಳಲ್ಲಿ ಸಂಶೋಧಕರಿಗೆಂದು ಕೆಲವು ಕೊಠಡಿಗಳನ್ನು, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ಮೀಸಲಿಡಬಹುದು. ನಿಧಿಯ ಹೆಸರಿನಲ್ಲಿ ದಾನಿಗಳ ಭಾವಚಿತ್ರ, ಸಮಾರಂಭ, ಸನ್ಮಾನಗಳು ಬೇಡ. ಕೊಟ್ಟೆನೆಂಬ ಅಹಂಕಾರ ಸೇರಿದೊಡನೆ ದಾಸೋಹವು ದಾನವಾಗಿಬಿಡುತ್ತದೆ, ಪಡೆದವರ ತಲೆ ತಗ್ಗುತ್ತದೆ. ದುಡಿಯುವವರ ತಲೆ ತಗ್ಗಬಾರದು ಎಂಬುದೇ ಶರಣ ಧರ್ಮದ ಹೃದಯ.

ಶಿಷ್ಯವೇತನವನ್ನು ಕೊಡುವವರು ಅದನ್ನು ಕಾಯಕದ ಫಲವೆಂದು ತಿಳಿದು ಸಕಾಲಕ್ಕೆ ಕೊಡಲಿ. ಪಡೆಯುವವರು ಪ್ರಸಾದವೆಂದು ತಿಳಿದು ಸತ್ಯಶುದ್ಧವಾಗಿ ದುಡಿಯಲಿ. ಅವರ ಅರಿವು ಪದವಿಪತ್ರದ ಚೌಕಟ್ಟಿನಲ್ಲಿ ನಿಲ್ಲದೆ, ಅವರಿಗೆ ಅನ್ನವಿತ್ತ ಸಮಾಜಕ್ಕೆ ದಾಸೋಹವಾಗಿ ಮರಳಲಿ.